ರೆಕ್ಕೆ ಮುದುಡಿದ ಜಿರಳೆ ಕಂಡಿತು, ಇನ್ನು ಸ್ಪ್ರೇ ಹೊಡೆಯಲಾ?

ಪ್ರಶ್ನೆ (ಬದಿಯಡ್ಕ): ಸರ್, ನಮ್ಮದು ಪೇಟೆಯಲ್ಲಿ ಸಾಲು ಬಾಡಿಗೆ ಮನೆ. ಗ್ಯಾಸ್ ಕಟ್ಟೆಯ ಹಿಂದೆ, ಮಿಕ್ಸಿಯ ಅಡಿಯಲ್ಲಿ ಸಣ್ಣ ಜಿರಳೆಗಳ ಕಾಟ. ಬೆಳವಣಿಗೆ ತಡೆಯುವ ಮದ್ದು ಅಂತ ಪೈರಿಪ್ರಾಕ್ಸಿಫೆನ್ ಇರುವ ತಿನಿಸು ಇಟ್ಟು ಮೂರು ವಾರ ಆಯಿತು. ಸತ್ತದ್ದು ಒಂದೂ ಕಾಣಲಿಲ್ಲ. ನಿನ್ನೆ ರಾತ್ರಿ ಹಪ್ಪಳದ ಡಬ್ಬಿಯ ಹತ್ತಿರ ಒಂದು ಸಿಕ್ಕಿತು, ರೆಕ್ಕೆ ಕರಿದ ಹಪ್ಪಳದ ಹಾಗೆ ಸೊಟ್ಟ. ದುಡ್ಡು ದಂಡ ಆಯ್ತಾ? ಸ್ಪ್ರೇ ಹೊಡೆದುಬಿಡಲಾ?

ಉತ್ತರ: ಅಕ್ಕಾ, ಸ್ಪ್ರೇ ಮುಟ್ಟಬೇಡಿ. ಆ ಸೊಟ್ಟ ರೆಕ್ಕೆಯೇ ಮದ್ದು ಹಿಡಿದ ಗುರುತು. ಮರಿ ಅದನ್ನು ತಿಂದರೆ ಕೊನೆಯ ಪೊರೆ ಕಳಚುವಾಗ ರೆಕ್ಕೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ಹೆಚ್ಚಿನವು ಬಂಜೆಯಾಗುತ್ತವೆ. ಆದರೆ ಆಗಲೇ ದೊಡ್ಡದಾದ ಜಿರಳೆಯನ್ನು ಅದು ಕೊಲ್ಲುವುದಿಲ್ಲ. ಹಾಗಾಗಿ ಸುಮ್ನೆ ಹೆಣ ಎಣಿಸಿದರೆ ಮದ್ದು ಸೋತ ಹಾಗೇ ಕಾಣುತ್ತದೆ.

ನಿಮ್ಮದು ಕುತ್ತಿಗೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಕಂದು ಜಿರಳೆ ಅಲ್ವಾ? ಅದರ ಒಂದೊಂದು ಮೊಟ್ಟೆ ಚೀಲದಲ್ಲಿ 30–40 ಮೊಟ್ಟೆ. ಒಡೆಯುವ ಹೊತ್ತಿನವರೆಗೂ ತಾಯಿ ಅದನ್ನು ಹಿಂದೆ ಕಚ್ಚಿಸಿಕೊಂಡೇ ಓಡಾಡುತ್ತದೆ. ಮೊಟ್ಟೆ ಬಲಿತು ದೊಡ್ಡದಾಗಲು ಎರಡು ಮೂರು ತಿಂಗಳು ಬೇಕು. ಮೂರು ವಾರದಲ್ಲಿ ತೀರ್ಪು ಕೊಡುವುದು ಅವಸರ. ಕಾಯಲು ತಾಳ್ಮೆ ಇಲ್ಲದಿದ್ದರೆ ಜೊತೆಗೆ ತಿಂದ ಜಿರಳೆಯನ್ನು ಕೊಲ್ಲುವ ಫಿಪ್ರೊನಿಲ್ ಜೆಲ್ ಅಕ್ಕಿಕಾಳಿನಷ್ಟು ಚುಕ್ಕೆಗಳಾಗಿ ಬಾಗಿಲ ಸಂದು, ಕಪಾಟಿನ ಕೀಲುಗಳಲ್ಲಿ ಇಡಿ. ದೊಡ್ಡವು ಜೆಲ್‌ಗೆ, ಮರಿಗಳ ಲೆಕ್ಕ ನೀವು ಇಟ್ಟ ಮದ್ದಿಗೆ. ಆದರೆ ಸ್ಪ್ರೇ ವಾಸನೆ ತಾಗಿದ ತಿನಿಸನ್ನು ಜಿರಳೆ ಮೂಸಿ ಬಿಟ್ಟುಹೋಗಬಹುದು. ರಾತ್ರಿ ಕಾಯಿತುರಿ, ಅನ್ನದ ಅಗುಳು ಕಟ್ಟೆ ಮೇಲೆ ಬಿಟ್ಟರೂ ನಿಮ್ಮ ಮದ್ದಿನ ಕಡೆ ಯಾರು ಬರ್ತಾರೆ!

ಇನ್ನೊಬ್ಬರು (ಮಂಜೇಶ್ವರ): ಕೆಲಸ ಮಾಡ್ತದಾ ಅಂತ ನೋಡಲು ಅರ್ಧ ಅಡುಗೆಮನೆಗೆ ಮಾತ್ರ ಇಟ್ಟರೆ ಸಾಕಾ ಅಣ್ಣ?

ಉತ್ತರ: ಸಾಲದು. ಅವು ರಾತ್ರಿ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತವೆ, ಲೆಕ್ಕ ಕೆಡುತ್ತದೆ. ಮದ್ದು ಇಡದ ಬೇರೊಂದು ಮನೆ ಸಿಕ್ಕರೆ ಹೋಲಿಸಲು ಒಳ್ಳೆಯದು, ಗೋಡೆಗೆ ಗೋಡೆ ತಾಗಿದ್ದು ಬೇಡ. ಮದ್ದು ಇಡುವ ಮೊದಲೇ ಅಂಟು ಟ್ರ್ಯಾಪ್ ನಾಲ್ಕು ಕಡೆ ಇಟ್ಟು ಎಣಿಸಿ. ಆಮೇಲೆ ತಿಂಗಳಿಗೊಮ್ಮೆ ಅವೇ ಜಾಗ, ಅಷ್ಟೇ ರಾತ್ರಿ. ಮರಿ, ದೊಡ್ಡದು, ಸೊಟ್ಟ ರೆಕ್ಕೆಯದು ಬೇರೆ ಬೇರೆ ಬರೆದಿಡಿ. ಮರಿ ಕಡಿಮೆಯಾಗುತ್ತಾ, ಸೊಟ್ಟ ರೆಕ್ಕೆ ಜಾಸ್ತಿಯಾದರೆ ದಾರಿ ಸರಿ ಇದೆ.

ಬದಿಯಡ್ಕದ ಅಕ್ಕಾ, ನಿನ್ನೆ ಸಿಕ್ಕಿದ್ದನ್ನು ಚಪ್ಪಲಿಯಲ್ಲಿ ಹೊಡೆದಿದ್ದೀರೋ ಏನೋ, ಲೆಕ್ಕಕ್ಕೆ ಒಂದು ಬರೆದುಕೊಳ್ಳಿ.