ರನ್‌ಟೈಮ್‌ನ ಟೈಪ್ ಫೈಲುಗಳನ್ನು ನೋಡಿಕೊಳ್ಳುವವರು ಸ್ವಲ್ಪ ದಾರಿ ಹೇಳಿ

ಪ್ರಶ್ನೆ:

ನಮ್ಮ ತಂಡದ್ದೇ ಒಂದು ಸಣ್ಣ ಜಾವಾಸ್ಕ್ರಿಪ್ಟ್ ರನ್‌ಟೈಮ್ (ಜಾವಾಸ್ಕ್ರಿಪ್ಟ್ ಕೋಡನ್ನು ಓಡಿಸುವ ಪ್ರೋಗ್ರಾಂ) ಇದೆ. ಒಳಗಿನ ಕೋಡ್ ಎಲ್ಲ ಸಿ ಪ್ಲಸ್ ಪ್ಲಸ್. ಬಳಸುವವರಿಗೆ ಕಾಣುವ ಎಪಿಐಗಳಿಗೆ ಟೈಪ್‌ಸ್ಕ್ರಿಪ್ಟ್ ಡೆಕ್ಲರೇಷನ್ ಫೈಲುಗಳನ್ನೂ (ಯಾವ ಫಂಕ್ಷನ್ ಏನು ತೆಗೆದುಕೊಂಡು ಏನು ಕೊಡುತ್ತದೆ ಅಂತ ಹೇಳುವ ಫೈಲು) ಅದರೊಳಗಿನ ಜೆಎಸ್‌ಡಾಕ್ ಕಾಮೆಂಟುಗಳನ್ನೂ (ಎಡಿಟರ್ ತೋರಿಸುವ ವಿವರಣೆ) ಕೈಯಲ್ಲೇ ಬರೆಯುತ್ತಿದ್ದೇವೆ. ಹೋದ ತಿಂಗಳು ಈ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ರಿಲೀಸ್ ಆದಮೇಲೂ ಎಲ್ಲೋ ಒಂದು ಕಡೆ ಟೈಪ್ ಒಂದು ಹೇಳುತ್ತದೆ, ರನ್‌ಟೈಮ್ ಇನ್ನೊಂದು ಮಾಡುತ್ತದೆ. ಇಂಥ ಕೆಲಸ ಮಾಡಿದವರು ಎಲ್ಲಿಂದ ಶುರು ಮಾಡಿದಿರಿ?

ಮೊದಲ ಉತ್ತರ:

ನಾನೂ ಇದೇ ಕೆಲಸ ಕೆಲವು ವರ್ಷ ಮಾಡಿದ್ದೇನೆ. ಮೊದಲು ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಬೇಕು: ಡೆಕ್ಲರೇಷನ್ ಫೈಲು ನಿಜವೋ ಸುಳ್ಳೋ ಅಂತ ಕಂಪೈಲರ್ ನೋಡುವುದೇ ಇಲ್ಲ. ನೀವು ಬರೆದದ್ದನ್ನು ಅದು ಹಾಗೇ ನಂಬುತ್ತದೆ. ನಮ್ಮಲ್ಲಿ ಫೈಲು ಓದುವ ಒಂದು ಫಂಕ್ಷನ್ ಇತ್ತು. ಅದು ಸ್ಟ್ರಿಂಗ್ ಕೊಡುತ್ತದೆ ಅಂತ ನಾನೇ ಬರೆದಿದ್ದೆ. ಫೈಲು ಇಲ್ಲದಿದ್ದರೆ ನಲ್ (ಖಾಲಿ ಮೌಲ್ಯ) ಕೊಡುವಂತೆ ಒಳಗಿನ ಕೋಡ್ ಯಾವಾಗಲೋ ಬದಲಾಗಿತ್ತು, ನನಗೆ ಗೊತ್ತಾಗಲಿಲ್ಲ. ಬಳಸುವವರ ಎಡಿಟರಿನಲ್ಲಿ ಒಂದು ಕೆಂಪು ಗೆರೆಯೂ ಬರಲಿಲ್ಲ, ಓಡುವಾಗ ಅವರ ಪ್ರೋಗ್ರಾಂ ಬಿತ್ತು. ಟೈಪೇ ಇಲ್ಲದಿದ್ದರೆ ಅವರು ಒಂದು ಸಲ ನಲ್ ನೋಡಿಕೊಳ್ಳುತ್ತಿದ್ದರು, ಟೈಪ್ ಇದೆ ಅಂತ ನಂಬಿದ್ದಕ್ಕೇ ನೋಡಲಿಲ್ಲ. ಅದು ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ನನ್ನ ಸಲಹೆ, ಹೊಸ ಟೈಪ್ ಬರೆಯುವ ಮೊದಲು ಇರುವ ಟೈಪುಗಳನ್ನು ಓಡುತ್ತಿರುವ ರನ್‌ಟೈಮ್ ಜೊತೆ ಹೋಲಿಸುವ ಒಂದು ಸ್ಕ್ರಿಪ್ಟ್ ಬರೆಯಿರಿ. ದೊಡ್ಡದೇನೂ ಬೇಡ. ರನ್‌ಟೈಮ್ ಒಳಗೆ ಗ್ಲೋಬಲ್‌ದಿಸ್ (ಎಲ್ಲ ಕಡೆಯಿಂದ ಸಿಗುವ ಹೆಸರುಗಳನ್ನು, ಅಂದರೆ ಗ್ಲೋಬಲ್‌ಗಳನ್ನು ಇಟ್ಟುಕೊಂಡಿರುವ ಆಬ್ಜೆಕ್ಟ್) ಮೇಲಿರುವ ಹೆಸರುಗಳನ್ನೆಲ್ಲ ಒಂದು ಫೈಲಿಗೆ ಬರೆಸಿ. ಆಬ್ಜೆಕ್ಟ್ ಕೀಸ್ ಸಾಲದು, ಯಾಕೆಂದರೆ ಗ್ಲೋಬಲ್‌ಗಳಲ್ಲಿ ಬಹಳಷ್ಟು ಎನ್ಯೂಮರಬಲ್ ಆಗಿರುವುದಿಲ್ಲ (ಅಂದರೆ ಆ ಪಟ್ಟಿಯಲ್ಲಿ ಬರುವುದಿಲ್ಲ), ಗೆಟ್ ಓನ್ ಪ್ರಾಪರ್ಟಿ ನೇಮ್ಸ್ ಬೇಕು. ಕ್ಲಾಸುಗಳಿಗೆ ಪ್ರೋಟೋಟೈಪ್ ಒಳಗೂ ಇಳಿಯಬೇಕು. ಇನ್ನೊಂದು ಕಡೆ ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಎಪಿಐ ಬಳಸಿ ಡೆಕ್ಲರೇಷನ್ ಫೈಲಿನಲ್ಲಿರುವ ಹೆಸರುಗಳನ್ನು ತೆಗೆಯಿರಿ. ಎರಡೂ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. ಹೆಸರು ಸರಿ ಇದ್ದ ಮಾತ್ರಕ್ಕೆ ಟೈಪ್ ಸರಿ ಅಂತಲ್ಲ, ಆದರೂ ನಮ್ಮಲ್ಲಿ ಜಾಸ್ತಿ ತಪ್ಪು ಸಿಕ್ಕಿದ್ದು ಈ ಸ್ಕ್ರಿಪ್ಟಿನಿಂದಲೇ.

ಆಮೇಲೆ ನಿಮ್ಮ ಕಾನ್ಫಿಗ್‌ನಲ್ಲಿ ಸ್ಕಿಪ್ ಲಿಬ್ ಚೆಕ್ ಆನ್ ಇದೆಯಾ ನೋಡಿ. ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಅದು ತಾನಾಗಿಯೇ ಆನ್ ಆಗಿ ಬರುತ್ತದೆ. ಬಳಸುವವರಿಗೆ ಅದು ಸರಿ. ಆದರೆ ಅದು ಬೇರೆಯವರ ಡೆಕ್ಲರೇಷನ್ ಫೈಲುಗಳ ಜೊತೆ ನಿಮ್ಮದನ್ನೂ ಪರೀಕ್ಷಿಸದೆ ಬಿಟ್ಟುಬಿಡುತ್ತದೆ. ಒಂದು ಟೈಪಿನ ಹೆಸರನ್ನು ತಪ್ಪಾಗಿ ಬರೆದರೆ ಅದು ಸುಮ್ನೆ ಎನಿ (ಏನು ಬೇಕಾದರೂ ಇರಬಹುದು ಅನ್ನುವ ಟೈಪು) ಆಗಿ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಟೈಪ್ ಬರೆಯುವ ಜಾಗದಲ್ಲಿ ಅದು ಆಫ್ ಇರಲೇಬೇಕು.

ಟೈಪಿಗೂ ಟೆಸ್ಟ್ ಬರೆಯಿರಿ. ಸರಿಯಾದ ಬಳಕೆ ಕಂಪೈಲ್ ಆಗುತ್ತದೆ ಅಂತ ನೋಡಿದರೆ ಅರ್ಧ ಕೆಲಸ ಮಾತ್ರ. ತಪ್ಪು ಬಳಕೆಗೆ ಎರರ್ ಬರಬೇಕು. ಅದಕ್ಕೆ 2020ರಲ್ಲಿ ಟೈಪ್‌ಸ್ಕ್ರಿಪ್ಟ್ 3.9ರಲ್ಲಿ ಬಂದ ಟಿಎಸ್ ಎಕ್ಸ್‌ಪೆಕ್ಟ್ ಎರರ್ ಕಾಮೆಂಟ್ ಇದೆ. ಕೆಳಗಿನ ಸಾಲಿನಲ್ಲಿ ಎರರ್ ಬರದಿದ್ದರೆ ಆ ಕಾಮೆಂಟೇ ಎರರ್ ಕೊಡುತ್ತದೆ. ಎಲ್ಲೋ ಒಂದು ಎನಿ ನುಸುಳಿದರೆ ಹಿಡಿಯುವುದು ಇದೇ.

ಗ್ಲೋಬಲ್‌ಗಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ನಿಮ್ಮ ಟೈಪು ಯಾವತ್ತೂ ಒಂದೇ ಇರುವುದಿಲ್ಲ. ಬಳಸುವವರ ಪ್ರಾಜೆಕ್ಟಿನಲ್ಲಿ ಬ್ರೌಸರಿನ ಎಪಿಐಗಳ ಟೈಪ್ ಫೈಲಾದ ಲಿಬ್ ಡಾಮ್ ಇರಬಹುದು, ಯಾವುದೋ ಪ್ಯಾಕೇಜ್ ಎಳೆದುಕೊಂಡು ಬಂದ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ರನ್‌ಟೈಮ್‌ನ ಟೈಪುಗಳೂ ಇರಬಹುದು. ಸ್ವಲ್ಪ ಹೊತ್ತಿನ ನಂತರ ಕೋಡ್ ಓಡಿಸುವ ಸೆಟ್ ಟೈಮೌಟ್ ತೆಗೆದುಕೊಳ್ಳಿ. ಬ್ರೌಸರಿನಲ್ಲಿ ಅದು ನಂಬರ್ ಕೊಡುತ್ತದೆ, ನೋಡ್‌ನಲ್ಲಿ ಟೈಮೌಟ್ ಅನ್ನುವ ಆಬ್ಜೆಕ್ಟ್ ಕೊಡುತ್ತದೆ. ನೆಟ್‌ವರ್ಕಿನಿಂದ ಡೇಟಾ ತರುವ ಫೆಚ್ ಕೂಡ ಹಾಗೇ. 2022ರಲ್ಲಿ ನೋಡ್ 18ರಲ್ಲಿ ಅದು ಫ್ಲ್ಯಾಗ್ ಇಲ್ಲದೆ ಸಿಗತೊಡಗಿತು. ಆದರೆ ಅದು ಕೊಡುವ ರೆಸ್ಪಾನ್ಸ್ ಅನ್ನುವ ಹೆಸರು ಲಿಬ್ ಡಾಮ್‌ನಲ್ಲೂ ಇದೆ. ನೋಡ್‌ನ ಟೈಪುಗಳಲ್ಲಿ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ: ಗ್ಲೋಬಲ್‌ದಿಸ್ ಮೇಲೆ ಬ್ರೌಸರಿನ ಟೈಪು ಆಗಲೇ ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ನಮ್ಮದು, ಅಂತ ಒಂದು ಕಂಡೀಷನಲ್ ಟೈಪು. ನೋಡುವುದಕ್ಕೆ ಚೆಂದ ಇಲ್ಲ. ಆದರೆ ಕೆಲಸ ಮಾಡುತ್ತದೆ, ನಾವೂ ಅದನ್ನೇ ಎತ್ತಿಕೊಂಡೆವು. ನಿಮ್ಮ ಟೆಸ್ಟುಗಳನ್ನು ಲಿಬ್ ಡಾಮ್ ಇಟ್ಟು ಒಂದು ಸಲ, ಬಿಟ್ಟು ಒಂದು ಸಲ ಓಡಿಸಿ. ಇನ್ನೊಂದು, ಡಿಕ್ಲೇರ್ ಗ್ಲೋಬಲ್ ಒಳಗೆ ಕಾನ್ಸ್ಟ್ ಅಂತ ಬರೆದರೆ ಆ ಹೆಸರು ಗ್ಲೋಬಲ್‌ದಿಸ್ ಮೇಲೆ ಕಾಣುವುದಿಲ್ಲ, ವಾರ್ ಅಂತಲೇ ಬರೆಯಬೇಕು. ಇದು ತಿಳಿಯದೆ ನಾನು ಒಂದು ಇಡೀ ದಿನ ಕಳೆದಿದ್ದೇನೆ.

ಎರಡನೇ ಉತ್ತರ:

ಮೇಲಿನವರು ಟೈಪಿನ ಬಗ್ಗೆ ಹೇಳಿದ್ದಾರೆ, ನಾನು ಕಾಮೆಂಟುಗಳ ಬಗ್ಗೆ ಹೇಳುತ್ತೇನೆ. ಡಾಕ್ಯುಮೆಂಟೇಷನ್ ಸೈಟಿಗೆ ಹೋಗಿ ಓದುವವರಿಗಿಂತ ಎಡಿಟರಿನಲ್ಲಿ ಹೆಸರಿನ ಮೇಲೆ ಮೌಸ್ ಇಟ್ಟು ಓದುವವರೇ ಜಾಸ್ತಿ ಅಂತ ನನ್ನ ಅನುಭವ. ಹಾಗಾಗಿ ಮೊದಲ ಸಾಲಿನಲ್ಲೇ ಕೆಲಸದ ಮಾತು ಇರಲಿ. "ಫೈಲಿನ ಹೆಸರು" ಅಂತ ಪ್ಯಾರಾಮೀಟರಿಗೆ ವಿವರಣೆ ಬರೆದರೆ ಯಾರಿಗೂ ಉಪಯೋಗ ಇಲ್ಲ, ಹೆಸರೇ ಅದನ್ನು ಹೇಳುತ್ತದೆ. ಸಿಗದಿದ್ದರೆ ಏನಾಗುತ್ತದೆ, ಎರರ್ ಎಸೆಯುತ್ತದೋ ನಲ್ ಕೊಡುತ್ತದೋ, ಟೈಮೌಟಿನ ಲೆಕ್ಕ ಮಿಲಿಸೆಕೆಂಡಿನಲ್ಲೋ ಸೆಕೆಂಡಿನಲ್ಲೋ, ಡೀಫಾಲ್ಟ್ ಎಷ್ಟು, ಯಾವ ವರ್ಷನ್‌ನಿಂದ ಇದೆ, ಇವು ಬೇಕು.

ಓವರ್‌ಲೋಡ್ (ಒಂದೇ ಫಂಕ್ಷನ್ನಿಗೆ ಹಲವು ರೀತಿಯ ಟೈಪು) ಇದ್ದರೆ ಪ್ರತಿಯೊಂದರ ಮೇಲೂ ಕಾಮೆಂಟ್ ಬರೆಯಬೇಕು. ಮೊದಲನೆಯದಕ್ಕೆ ಬರೆದದ್ದು ಉಳಿದವಕ್ಕೆ ಬರುವುದಿಲ್ಲ. ಆಪ್ಷನ್ಸ್ ಆಬ್ಜೆಕ್ಟನ್ನು ಫಂಕ್ಷನ್ ಒಳಗೇ ಬರೆಯುವ ಬದಲು ಹೆಸರಿರುವ ಇಂಟರ್‌ಫೇಸ್ ಮಾಡಿದರೆ ಓದಲು ಸುಲಭ, ಒಂದೊಂದು ಪ್ರಾಪರ್ಟಿಗೂ ಬೇರೆ ವಿವರಣೆ ಬರೆಯಲು ಜಾಗವೂ ಸಿಗುತ್ತದೆ. ಡೆಪ್ರಿಕೇಟೆಡ್ ಟ್ಯಾಗ್ ಹಾಕಿದರೆ ಎಡಿಟರಿನಲ್ಲಿ ಆ ಹೆಸರಿನ ಮೇಲೆ ಗೆರೆ ಬೀಳುತ್ತದೆ. ಅದರ ಪಕ್ಕದಲ್ಲೇ ಬದಲಿಗೆ ಏನು ಬಳಸಬೇಕು ಅಂತ ಬರೆಯಿರಿ, ಬರೆಯದಿದ್ದರೆ ಓದುವವರು ನಡುನೀರಿನಲ್ಲಿ ನಿಲ್ಲುತ್ತಾರೆ.

ಒಂದು ಸಣ್ಣ ಬಲೆ ಇದೆ. ಉದಾಹರಣೆಯಲ್ಲಿ ಗ್ಲಾಬ್ ಪ್ಯಾಟರ್ನ್ (ಹಲವು ಫೈಲುಗಳನ್ನು ಒಟ್ಟಿಗೆ ಸೂಚಿಸುವ ಬರಹ) ಬರೆಯುತ್ತೀರಿ ಅಲ್ವಾ, ಎರಡು ನಕ್ಷತ್ರ, ಆಮೇಲೆ ಸ್ಲ್ಯಾಶ್. ಆ ನಕ್ಷತ್ರ ಸ್ಲ್ಯಾಶ್ ಜೋಡಿಯೇ ಕಾಮೆಂಟಿನ ಕೊನೆ! ಅಲ್ಲಿಂದ ಮುಂದೆ ಉದಾಹರಣೆಯೆಲ್ಲ ಕೋಡ್ ಆಗಿ, ಫೈಲಿನ ತುಂಬ ಎರರ್. ಹಾಗೆಯೇ ಸಾಲಿನ ಶುರುವಿಗೆ ಆಟ್ ಚಿಹ್ನೆ ಬಂದರೆ ಅದನ್ನು ಟ್ಯಾಗ್ ಅಂದುಕೊಂಡು ಮುಂದಿನ ಮಾತನ್ನು ಬೇರೆ ಕಡೆ ಸೇರಿಸಬಹುದು.

ಉದಾಹರಣೆಗಳು ಬೇಗ ಹಳೆಯದಾಗುತ್ತವೆ. ಡೀನೋ ಅನ್ನುವ ರನ್‌ಟೈಮ್‌ನಲ್ಲಿ ಕಾಮೆಂಟಿನೊಳಗಿನ ಕೋಡನ್ನೇ ಟೆಸ್ಟ್ ಆಗಿ ಓಡಿಸಲು ಟೆಸ್ಟ್ ಕಮಾಂಡಿಗೆ ಡಾಕ್ ಅನ್ನುವ ಫ್ಲ್ಯಾಗ್ ಇದೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಉದಾಹರಣೆಗಳನ್ನು ಹೊರತೆಗೆದು ಕಂಪೈಲ್ ಮಾಡುವ ಸ್ಕ್ರಿಪ್ಟ್ ನೀವೇ ಬರೆಯಬಹುದು. ನಾನು ಬರೆದ ಮೊದಲ ದಿನವೇ, ಎಂದೋ ಹೆಸರು ಬದಲಾದ ಫಂಕ್ಷನ್ನುಗಳನ್ನು ಕರೆಯುತ್ತಿದ್ದ ಉದಾಹರಣೆಗಳು ಸಿಕ್ಕವು.

ಪ್ರಶ್ನೆ ಕೇಳಿದವರು:

ತುಂಬಾ ಉಪಯೋಗವಾಯಿತು. ಕೈಯಲ್ಲಿ ಬರೆಯುವುದನ್ನೇ ಬಿಟ್ಟು ಸಿ ಪ್ಲಸ್ ಪ್ಲಸ್ ಕೋಡಿನಿಂದ ನೇರವಾಗಿ ಟೈಪ್ ಹುಟ್ಟಿಸಿದರೆ ಆಗದಾ? ಮತ್ತೆ ಟೈಪ್‌ಸ್ಕ್ರಿಪ್ಟ್‌ನ ಯಾವ ವರ್ಷನ್‌ವರೆಗೆ ಹಿಂದಕ್ಕೆ ನೋಡಿಕೊಳ್ಳಬೇಕು?

ಮೂರನೇ ಉತ್ತರ:

ಆಗುತ್ತದೆ, ಮಾಡಿದವರಿದ್ದಾರೆ. ಕ್ಲೌಡ್‌ಫ್ಲೇರ್‌ನವರ ವರ್ಕರ್‌ಡಿ ರನ್‌ಟೈಮ್‌ನಲ್ಲಿ ಟೈಪುಗಳು ಸಿ ಪ್ಲಸ್ ಪ್ಲಸ್ ಕಡೆಯಿಂದಲೇ ಹುಟ್ಟುತ್ತವೆ. ಲಿಬ್ ಡಾಮ್ ಕೂಡ ಬ್ರೌಸರ್ ಎಪಿಐಗಳನ್ನು ವಿವರಿಸುವ ವೆಬ್ ಐಡಿಎಲ್ ಅನ್ನುವ ಭಾಷೆಯಿಂದ ಹುಟ್ಟುವ ಫೈಲು. ಆದರೆ ಸಿ ಪ್ಲಸ್ ಪ್ಲಸ್‌ಗೆ ಇದು ಸ್ಟ್ರಿಂಗ್ ಅಂತ ಮಾತ್ರ ಗೊತ್ತು, ಈ ನಾಲ್ಕು ಪದಗಳಲ್ಲಿ ಒಂದು ಅಂತ ಗೊತ್ತಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಜೆನೆರಿಕ್ (ಬಳಸುವಾಗ ಬೇರೆ ಟೈಪು ತುಂಬಿಸುವಂಥದ್ದು), ಓವರ್‌ಲೋಡ್ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ವರ್ಕರ್‌ಡಿಯಲ್ಲೂ ಕೈಯಲ್ಲಿ ತಿದ್ದಲು ಜಾಗ ಇಟ್ಟಿದ್ದಾರೆ, ಆ ತಿದ್ದುಪಡಿ ಸಿ ಪ್ಲಸ್ ಪ್ಲಸ್ ಕೋಡಿನ ಪಕ್ಕದಲ್ಲೇ ಇರುತ್ತದೆ. ಆ ಪಕ್ಕದಲ್ಲೇ ಇರುವುದು ನನಗೆ ಮುಖ್ಯ ಅನಿಸುತ್ತದೆ. ಫಂಕ್ಷನ್ ಬದಲಿಸುವವರ ಕಣ್ಣಿಗೆ ಟೈಪ್ ಬೀಳಬೇಕು. ನಿಮ್ಮದು ಸಣ್ಣ ರನ್‌ಟೈಮ್ ಆದರೆ ಜನರೇಟರ್ ಬರೆಯುವ ಆತುರ ಬೇಡ, ಟೈಪ್ ಫೈಲನ್ನು ಅದೇ ರೆಪೊಗೆ ತಂದು, ಎಪಿಐ ಬದಲಾದ ಪ್ಯಾಚಿನಲ್ಲೇ ಟೈಪೂ ಬದಲಾಗಬೇಕು ಅಂತ ನಿಯಮ ಮಾಡಿ. ನೋಡ್‌ನ ಟೈಪುಗಳು ನೋಡ್ ರೆಪೊದಲ್ಲಿ ಇಲ್ಲ, ಡೆಫಿನೆಟ್ಲಿ ಟೈಪ್ಡ್ ಅನ್ನುವ, ಸಮುದಾಯದವರು ಟೈಪ್ ಫೈಲುಗಳನ್ನು ಸೇರಿಸಿಡುವ ರೆಪೊದಲ್ಲಿವೆ. ಅಲ್ಲಿ ಬೇರೆಯವರು ಹಿಂದೆ ಹಿಂದೆ ಓಡಿ ಸರಿಮಾಡುತ್ತಾರೆ. ಅದು ಎಷ್ಟು ದೊಡ್ಡ ಕೆಲಸ ಅಂತ ಮಾಡಿದವರಿಗೇ ಗೊತ್ತು, ಅವರ ಮೇಲೆ ನನಗೆ ತುಂಬಾ ಗೌರವ ಇದೆ.

ವರ್ಷನ್ ವಿಷಯಕ್ಕೆ ಡೆಫಿನೆಟ್ಲಿ ಟೈಪ್ಡ್‌ನ ಅಳತೆಯನ್ನೇ ಇಟ್ಟುಕೊಳ್ಳಿ: ಬಿಡುಗಡೆಯಾಗಿ 2 ವರ್ಷ ದಾಟದ ಟೈಪ್‌ಸ್ಕ್ರಿಪ್ಟ್‌ಗಳು. ಅದರಲ್ಲಿ ತೀರಾ ಹಳೆಯದು, ಈಗಿನದು, ನೈಟ್ಲಿ (ಬಿಡುಗಡೆಗೆ ಮೊದಲು ದಿನವೂ ಬರುವ ಆವೃತ್ತಿ), ಮೂರರಲ್ಲೂ ಟೆಸ್ಟ್ ಓಡಿಸಿ. ನೈಟ್ಲಿ ಯಾಕೆ ಅಂದರೆ, 2024ರ ನವೆಂಬರಿನಲ್ಲಿ ಬಂದ 5.7ರಲ್ಲಿ ಬೈಟುಗಳನ್ನಿಡುವ ಯುಇಂಟ್8ಅರೇ ಜೆನೆರಿಕ್ ಆಯಿತು. ಬೈಟುಗಳನ್ನು ಮುಟ್ಟುವ ರನ್‌ಟೈಮ್‌ಗಳಿಗೆಲ್ಲ ಅದರ ಬಿಸಿ ತಟ್ಟಿತು, ನೋಡ್‌ನ ಬಫರ್ ಟೈಪಿಗೂ ಸಹ. ಮೊದಲೇ ಗೊತ್ತಿದ್ದವರು ಸಮಾಧಾನವಾಗಿ ಸರಿಮಾಡಿಕೊಂಡರು. ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಫೈಲು ಕೊಡಬೇಕಾದರೆ ಪ್ಯಾಕೇಜ್ ಜೇಸನ್‌ನಲ್ಲಿ ಟೈಪ್ಸ್ ವರ್ಷನ್ಸ್ ಅನ್ನುವ ಜಾಗ ಇದೆ.

ಪ್ರಶ್ನೆ ಕೇಳಿದವರು:

ಹೆಸರು ಹೋಲಿಸುವ ಸ್ಕ್ರಿಪ್ಟ್ ನಿನ್ನೆ ರಾತ್ರಿ ಬರೆದು ಓಡಿಸಿದೆ. ರನ್‌ಟೈಮ್‌ನಲ್ಲಿದ್ದು ಟೈಪಿನಲ್ಲಿಲ್ಲದ 11 ಹೆಸರು ಸಿಕ್ಕವು, ಅದು ಸುಲಭದ ಕೆಲಸ. ಟೈಪಿನಲ್ಲಿದ್ದು ರನ್‌ಟೈಮ್‌ನಲ್ಲಿ ಇಲ್ಲದವು 3. ಅದರಲ್ಲಿ ಒಂದಕ್ಕೆ ಕಾಮೆಂಟು, ಉದಾಹರಣೆ ಎಲ್ಲ ಚೆನ್ನಾಗಿ ಬರೆದಿದ್ದಾರೆ! ಅದನ್ನು ಯಾವ ರಿಲೀಸ್‌ನಲ್ಲಿ ತೆಗೆದರು ಅಂತ ಈಗ ಗಿಟ್ ಲಾಗ್ ನೋಡುತ್ತಿದ್ದೇನೆ.