ಎಂಟನೇ ಕ್ಲಾಸಿಗೆ ಸ್ಪ್ರೆಡ್‌ಶೀಟ್: ಎಲ್ಲಿಂದ ಶುರು ಮಾಡುದು? ಅನುಭವ ಇದ್ದವರು ಹೇಳಿ

ಕಾಪು ಟೀಚರ್:
ನಮ್ಮದು ಕನ್ನಡ ಮಾಧ್ಯಮ ಶಾಲೆ. ಎಂಟನೇ ಕ್ಲಾಸಲ್ಲಿ 38 ಮಕ್ಕಳು, ಸರಿ ಇರುವ ಕಂಪ್ಯೂಟರ್ 7, ವಾರಕ್ಕೆ ಒಂದೇ ಪಿರಿಯಡ್. ಸ್ಪ್ರೆಡ್‌ಶೀಟ್, ಅಂದ್ರೆ ತಾನೇ ಲೆಕ್ಕ ಮಾಡುವ ಕೋಷ್ಟಕ, ಕಲಿಸ್ಲಿಕ್ಕೆ ಎಕ್ಸೆಲ್ಲಾ, ಲಿಬ್ರೆ ಆಫೀಸಿನ ಕ್ಯಾಲ್ಕಾ, ಗೂಗಲ್ ಶೀಟ್ಸಾ? ಮೊದಲ ಪಾಠ ಎಂತದ್ದು? ಮಾಡಿ ನೋಡಿದವರು ಹೇಳಿ.

ಕುಂದಾಪುರದ ಗಣಿತ ಮೇಷ್ಟ್ರು:
ಪಾಠ ಆಮೇಲೆ ಮಾರಾಯ್ರೆ, ಮೊದಲು ಖರ್ಚಿನ ಕಥೆ ಕೇಳಿ. ಹಳೆ ವಿದ್ಯಾರ್ಥಿಗಳು ಸೇರಿ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಕೊಡಿಸಿದ್ರು, ಒಂದಕ್ಕೆ 8,500. ಮೇ ತಿಂಗಳ ಸಿಡಿಲಿಗೆ ಎರಡರ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬ) ಢಮಾರ್, ತಲಾ 750. ಯುಪಿಎಸ್ ಬ್ಯಾಟರಿ 1,100, ಒಂದು ಮಳೆಗಾಲ ಬಾಳಲಿಲ್ಲ. ಕೇಳಿದ್ರೆ ಅಂಗಡಿಯವ, ವಾರಂಟಿ ಕಾರ್ಡಿಗೆ ಸೀಲ್ ಬಿದ್ದಿಲ್ಲ ಅಂದ. ಸೀಲ್ ಹಾಕಬೇಕಾದವ ಅವನೇ! ರಜೆ ಮುಗಿಸಿ ಬಂದು ನೋಡಿದ್ರೆ ಕೀಬೋರ್ಡ್ ವಯರನ್ನು ಇಲಿ ಕಡಿದಿತ್ತು, ಮತ್ತೆ 350. ಇಷ್ಟಾದ ಮೇಲೆ ಲೈಸೆನ್ಸಿಗೆ ದುಡ್ಡು ಎಲ್ಲಿಂದ ತರುದು? ವಿಂಡೋಸ್ ಬದಲು ಫ್ರೀ ಸಿಗುವ ಉಬುಂಟು ಹಾಕಿದೆ, ಅದೇ ರೀತಿ ಫ್ರೀ ಇರುವ ಕ್ಯಾಲ್ಕಲ್ಲೇ ಕಲಿಸಿದೆ.

ಮಾಡಿಸಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪ್ರಥಮ ಭಾಷೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ಒಬ್ಬ 600ರಿಂದ ಭಾಗಿಸಿ, 612 ತೆಗೆದ ಹುಡುಗಿಗೆ 102 ಪರ್ಸೆಂಟ್ ಕೊಟ್ಟ. ಕೋಶದಲ್ಲಿ ಕಾಣುದು ಉತ್ತರ, ಲೆಕ್ಕ ಇರುದು ಮೇಲಿನ ಫಾರ್ಮುಲಾ ಬಾರಲ್ಲಿ ಅಂತ ಇಡೀ ಕ್ಲಾಸಿಗೆ ಅವತ್ತು ತಲೆಗೆ ಹೋಯ್ತು.

ಹಂಪನಕಟ್ಟೆ ಟ್ಯುಟೋರಿಯಲ್:
ಕ್ಯಾಲ್ಕ್ ಕಲಿತು ಎಂತ ಮಾಡುದು ಸರ್? ನನ್ನಲ್ಲಿಗೆ ಬರುವ ಬಿಕಾಂ ಮಕ್ಕಳಿಗೆ ಇಂಟರ್‌ವ್ಯೂನಲ್ಲಿ ಕೇಳುದು ಎಕ್ಸೆಲ್. ಪಟ್ಟಿಯಲ್ಲಿ ಹುಡುಕಿ ತರುವ ವಿ-ಲುಕಪ್, ದೊಡ್ಡ ಪಟ್ಟಿಯ ಸಾರಾಂಶ ಮಾಡುವ ಪಿವೋಟ್ ಗೊತ್ತುಂಟಾ ಅಂತ. ನಾನು ವರ್ಷ ವರ್ಷ ಲೈಸೆನ್ಸ್ ಕಟ್ಟಿಯೇ ನಡೆಸುದು. ಕರೆಂಟ್ ಬಿಲ್, ಬಾಡಿಗೆ, ಎಸಿ ಗ್ಯಾಸ್ ಎಲ್ಲ ಸೇರಿ ಫೀಸಲ್ಲಿ ಕೈಗೆ ಉಳಿಯುದು ಎಷ್ಟು ಅಂತ ನನಗೆ ಗೊತ್ತು. ಫ್ರೀ ಸಿಗ್ತದೆ ಅಂತ ಮಕ್ಕಳ ಭವಿಷ್ಯದಲ್ಲಿ ಆಟ ಆಡ್ಬಾರ್ದು.

ಕುಂದಾಪುರದ ಗಣಿತ ಮೇಷ್ಟ್ರು:
ಎಂಟನೇ ಕ್ಲಾಸಿನ ಮಗುವನ್ನು ಇಂಟರ್‌ವ್ಯೂಗೆ ಯಾರು ಕರೀತಾರೆ? ವಿ-ಲುಕಪ್ಪೂ ಉಂಟು, ಪಿವೋಟೂ ಉಂಟು ಕ್ಯಾಲ್ಕಲ್ಲಿ. ಒಮ್ಮೆಯಾದ್ರೂ ತೆರೆದು ನೋಡಿದ್ದೀರಾ?

ಹಂಪನಕಟ್ಟೆ ಟ್ಯುಟೋರಿಯಲ್:
ನೋಡಿಯೇ ಹೇಳುದು. ಅಲ್ಲಿ ಮಾಡಿದ ಚಾರ್ಟ್ ಇಲ್ಲಿ ತೆರೆದ್ರೆ ಬೇರೆಯೇ ರೂಪ. ಸರಿ ಮಾಡ್ಲಿಕ್ಕೆ ನನ್ನ ಅರ್ಧ ಕ್ಲಾಸ್ ಹೋಗ್ತದೆ.

ಶಿರ್ವದ ನಿವೃತ್ತ ಬ್ಯಾಂಕಿನವ:
ನಿಮ್ಮಿಬ್ಬರದ್ದೂ ಬದಿಗಿಡಿ. ನಾನು ಲೋಟಸ್ 1-2-3 ಅಂತ ಹಳೆ ಸ್ಪ್ರೆಡ್‌ಶೀಟಲ್ಲಿ ಕೈ ಪಳಗಿಸಿದವ. ಅದು ಬಂದದ್ದು 1983ರಲ್ಲಿ. ಅದಕ್ಕೂ ಮೊದಲು, 1979ರಲ್ಲಿ, ವಿಸಿಕ್ಯಾಲ್ಕ್ ಅಂತ ಇನ್ನೊಂದು ಸ್ಪ್ರೆಡ್‌ಶೀಟ್. ಬೋರ್ಡಿನ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದ್ರೆ ಉಳಿದದ್ದನ್ನೆಲ್ಲ ಒರೆಸಿ ಬರೀಬೇಕಲ್ಲ ಅಂತ ಕ್ಲಾಸಲ್ಲಿ ಕೂತ, ಮುಂದೆ ಅದನ್ನು ಮಾಡಿದವರಲ್ಲಿ ಒಬ್ಬನಾದ ಡ್ಯಾನ್ ಬ್ರಿಕ್ಲಿನ್‌ಗೆ ಅನ್ನಿಸಿದ್ದೇ ಅದರ ಮೂಲ. ಆ ತಾಪತ್ರಯ ಮಕ್ಕಳೂ ಪಡಬೇಕು. ಹಾಗಾಗಿ ಮೊದಲು ಕಾಗದ.

ಊರಿನ ಶಾಲೆಯಲ್ಲಿ ನಾನು ಕೊಟ್ಟದ್ದು ಯಕ್ಷಗಾನದ ಒಂದು ಆಟದ ಬಜೆಟ್. ಮೇಳದ ವೀಳ್ಯ (ಮೇಳಕ್ಕೆ ಕೊಡುವ ದುಡ್ಡು), ಪೆಂಡಾಲು, ಮೈಕು, ಊಟ, ಎಲ್ಲ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಲ್ಲಿ. ಒಟ್ಟು ಹಾಕಿ ಮುಗಿಸಿದ ಮೇಲೆ ಹೇಳುದು, ಊಟಕ್ಕೆ ಜನ 150 ಅಲ್ಲ 220. ಅಳಿಸಿ, ಮತ್ತೆ ಹಾಕಿ. ರಬ್ಬರ್ ಸವೆದ ಮೇಲೆ ಕಂಪ್ಯೂಟರ್ ತೋರಿಸಿ, ಬೇಡ ಅಂದ್ರೂ ಕಲೀತಾರೆ. ಹೆಡ್‌ಮಾಸ್ಟ್ರು ಟೈಂ ವೇಸ್ಟ್ ಅಂದ್ರು. ನಾನು ಜಗ್ಗಲಿಲ್ಲ.

ಹಂಪನಕಟ್ಟೆ ಟ್ಯುಟೋರಿಯಲ್:
ಈಜು ಕಲಿಸ್ಲಿಕ್ಕೆ ಮೊದಲು ಬಾವಿ ತೋಡಿಸುವವರು ನೀವು.

ಶಂಕರಪುರದ ಅಕ್ಕ:
ಯಕ್ಷಗಾನದ ಖರ್ಚು ದೊಡ್ಡವರ ತಲೆಬಿಸಿ. ನಮ್ಮ ಮಕ್ಕಳಿಗೆ ಮಲ್ಲಿಗೆ ಲೆಕ್ಕ ಸಾಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಇದನ್ನು ಯಾರೂ ಕಲಿಸಬೇಕಂತಿಲ್ಲ. ನಾನು ಎ ಕಾಲಮ್ಮಲ್ಲಿ ಮನೆ ಹೆಸರು, ಬಿಯಲ್ಲಿ ಚೆಂಡು ಹಾಕಿಸಿದೆ, ಆ ದಿನದ ಅಟ್ಟೆ ದರ ಎಫ್1ರಲ್ಲಿ. ಸಿ2ರಲ್ಲಿ ಸೂತ್ರ: ಬಿ2 ಭಾಗಿಸು 4, ಗುಣಿಸು ಎಫ್1. ಕೆಳಗೆ ಎಳೆದ್ರು. ಮೊದಲ ಮನೆಗೆ ಸರಿಯಾದ ದುಡ್ಡು, ಉಳಿದವರಿಗೆಲ್ಲ ಸೊನ್ನೆ! "ನಮ್ಮಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಕೊಯ್ದದ್ದು ಟೀಚರ್" ಅಂತ ಒಬ್ಬಳು ಜಗಳಕ್ಕೇ ನಿಂತಳು. ಎಳೆಯುವಾಗ ಎಫ್1 ಕೂಡ ಜಾರಿ ಖಾಲಿ ಎಫ್2 ಆದದ್ದನ್ನು ಹುಡುಕಿದ್ದೂ ಅವಳೇ. ಆಗ ಡಾಲರ್ ಚಿಹ್ನೆ ತೋರಿಸಿದೆ. ಎಫ್‌ಗೂ ಒಂದು, 1ಕ್ಕೂ ಒಂದು, ಆಗ ಎಳೆದ್ರೂ ಎಫ್1 ಜಾರುದಿಲ್ಲ. ಅವಳಂತೂ ಇನ್ನು ಮರೆಯಲಿಕ್ಕಿಲ್ಲ.

ಮತ್ತೆ, "12 ಚೆಂಡು" ಅಂತ ಟೈಪ್ ಮಾಡಿದ್ರೆ ಅದು ಅಕ್ಷರ ಆಯ್ತು, ಒಟ್ಟು ಹಾಕುವ ಸಮ್ ಸೂತ್ರ ಅದನ್ನು ಕೂಡಿಸುದೇ ಇಲ್ಲ. ಬರೀ 12 ಹಾಕಿಸಿ, ಚೆಂಡು ತಲೆಬರಹದಲ್ಲಿರಲಿ. ನಾನು ಮಾಡಿಸಿದ್ದು ಎಲ್ಲ ಗೂಗಲ್ ಶೀಟ್ಸಲ್ಲಿ, ಮನೆಯವರ ಮೊಬೈಲಲ್ಲಿ. ಬ್ಯಾಟರಿ, ಇಲಿ ಯಾವ ರಗಳೆಯೂ ಇಲ್ಲ.

ಬೆಳ್ಮಣ್ಣಿನ ಕೃಷಿಕ:
ಅಕ್ಕ, ದರ ಯಾವುದು ಹಾಕಿದ್ರಿ, ಪೇಟೆಯದ್ದಾ ನಮ್ಮ ಕೈಗೆ ಬರುದಾ? ಕಮಿಷನ್ ಕಾಲಮ್ಮೇ ಇಲ್ಲ. ಮದುವೆ ಸೀಸನ್ನಿನ ದರ ಕೇಳಿ ಎಲ್ಲರೂ ನಮ್ಮನ್ನು ಶ್ರೀಮಂತರು ಅಂದುಕೊಳ್ಳುದು ಇಂಥ ಲೆಕ್ಕದಿಂದಲೇ. ಗೊಬ್ಬರ, ಮದ್ದು, ಕಟ್ಟುವವರ ಕೂಲಿ, ನೂಲಿಗೆ ಬಾಳೆನಾರು, ಒಂದೂ ಇಲ್ಲ. ಮಳೆಗಾಲದಲ್ಲಿ ಮೊಗ್ಗೇ ಬಿಡದ ದಿನಕ್ಕೆ ಎಂತ ಸೂತ್ರ?

ಶಂಕರಪುರದ ಅಕ್ಕ:
ನಮ್ಮದೂ ಹೂವಿನ ಮನೆಯೇ ಅಣ್ಣ, ನನಗೆ ಹೇಳಿಕೊಡಬೇಡಿ. ಡಿ ಕಾಲಮ್ಮು ಖಾಲಿ ಉಂಟು, ಬಂದು ಕಮಿಷನ್ ಹಾಕಿಕೊಡಿ.

ಉಡುಪಿಯ ಶಾಲಾ ಗುಮಾಸ್ತ:
ಒಂದು ಮಾತು, ಮಕ್ಕಳ ಹೆಸರನ್ನು ಹಳೆ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್) ಟೈಪ್ ಮಾಡಿಸಲೇಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ದೇವರಿಗೂ ಓದ್ಲಿಕ್ಕೆ ಆಗುದಿಲ್ಲ. ಅಕಾರಾದಿ ಸಾರ್ಟ್ ಕೊಟ್ರೆ ಅನಿತಾ ಎಲ್ಲೋ, ಆನಂದ ಎಲ್ಲೋ. ನಾನು ಇಡೀ ದಾಖಲಾತಿ ಪಟ್ಟಿ ಮತ್ತೊಮ್ಮೆ, ಎಲ್ಲ ಕಂಪ್ಯೂಟರಿಗೂ ಅರ್ಥ ಆಗುವ ಯೂನಿಕೋಡಲ್ಲಿ ಕುಟ್ಟಿದ್ದೇನೆ, ರಾತ್ರಿ ಮನೆಯಲ್ಲಿ ಕೂತು, ಓಟಿ ಇಲ್ಲದೆ. ಆಧಾರ್ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಇಲ್ಲದಿದ್ರೆ ಎಕ್ಸೆಲ್ 12 ಅಂಕಿಯನ್ನು 'ಇ+11' ಅಂತ ಮುದ್ದೆ ಮಾಡಿ ತೋರಿಸ್ತದೆ.

ಕುಂದಾಪುರದ ಗಣಿತ ಮೇಷ್ಟ್ರು:
ಮಕ್ಕಳ ಕ್ಲಾಸಿಗೆ ಆಧಾರ್ ಯಾಕೆ ಬಂತು? ಅದನ್ನೆಲ್ಲ ಅವರ ಎದುರು ತೆರೀಬೇಡಿ ಸರ್, ನಾಳೆ ಯಾರಾದ್ರೂ ಕೇಳಿದ್ರೆ ತಲೆ ಕೊಡುದು ನಾವು.

ಉಡುಪಿಯ ಶಾಲಾ ಗುಮಾಸ್ತ:
ಮಕ್ಕಳಿಗೆ ತೋರಿಸಿ ಅಂತ ನಾನೆಲ್ಲಿ ಹೇಳಿದೆ? ಆ ಕೆಲಸವನ್ನು ಕಡೆಗೆ ಕಂಪ್ಯೂಟರ್ ಟೀಚರ ತಲೆಗೇ ಕಟ್ಟುದು, ಅದಕ್ಕೆ ಹೇಳಿದ್ದು. ನಿಮ್ಮಲ್ಲಿ ಯಾರು ಮಾಡುದು ಹೇಳಿ ನೋಡುವ?

ಕುಂದಾಪುರದ ಗಣಿತ ಮೇಷ್ಟ್ರು:
ನಾನೇ.