ಪದಚರ್ಚೆ: ಮೂಳೆಯ ಗಡ್ಡೆಯನ್ನು ‘ಸುಡುವುದೋ’, ‘ಬೇಯಿಸುವುದೋ’?

ಬಳಗದವರಿಗೆ ನಮಸ್ಕಾರ.

ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಮೂಳೆಗಡ್ಡೆಯ ಚಿಕಿತ್ಸೆ ಕುರಿತು ರೋಗಿಗಳ ಮನೆಯವರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗಡ್ಡೆಯೊಳಗೆ ಸೂಜಿ ಇಟ್ಟು, ವಿದ್ಯುತ್ತಿನಿಂದ ಬಿಸಿಯೇರಿಸಿ ಅದನ್ನು ಸಾಯಿಸುವ ‘ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್’ಗೆ ಏನೆನ್ನಬೇಕು?

ಗಡ್ಡೆ ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಎರಡು ಸೆಂ.ಮೀ. ಒಳಗಿನದು. ಹೆಚ್ಚಾಗಿ ಎಳೆಯ ಹುಡುಗರ ತೊಡೆ ಅಥವಾ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ. ರಾತ್ರಿ ಜೀವ ಹಿಂಡುವ ನೋವು, ಆಸ್ಪಿರಿನ್ ಜಾತಿಯ ಮಾತ್ರೆಗೆ ತಗ್ಗುತ್ತದೆ. ಹಿಂದೆ ಮೂಳೆ ಕೆತ್ತಿ ತೆಗೆಯುತ್ತಿದ್ದರು. 1992ರಲ್ಲಿ ಬಾಸ್ಟನ್ನಿನ ವೈದ್ಯ ರೋಸೆಂಥಾಲ್ ಮತ್ತು ಸಂಗಡಿಗರು ಸೂಜಿಯ ದಾರಿ ತೋರಿಸಿದರು. ಅರಿವಳಿಕೆ ಕೊಟ್ಟು, ಸಿ.ಟಿ. ಸ್ಕ್ಯಾನ್ ನೋಡುತ್ತ, ಮೂಳೆಗೆ ಸಣ್ಣ ತೂತು ಕೊರೆದು ಗಡ್ಡೆಯ ನಡುವೆ ಸೂಜಿ ಇಡುತ್ತಾರೆ. ಸುಮಾರು 90 ಡಿಗ್ರಿ ಸೆಲ್ಸಿಯಸ್, ಐದಾರು ನಿಮಿಷ, ಅಷ್ಟೇ.

ಇದನ್ನು ‘ಸುಡುವುದು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸೂಜಿ ಕಾಯಿಸಿದ ಕಬ್ಬಿಣವಲ್ಲ. ಅದರ ತುದಿಯಿಂದ ಹರಿಯುವ ವಿದ್ಯುತ್ತಿಗೆ ಸುತ್ತಲಿನ ಅಯಾನುಗಳು (ವಿದ್ಯುದಂಶವುಳ್ಳ ಕಣಗಳು) ಅತ್ತಿತ್ತ ಓಲಾಡಿ, ಅಂಗಾಂಶ ತಾನೇ ಬಿಸಿಯೇರುತ್ತದೆ. ಮೊಟ್ಟೆಯ ಬಿಳಿಯಂತೆ ಅದರ ಪ್ರೋಟೀನು ಗಟ್ಟಿಯಾಗಿ ಜೀವಕೋಶ ಸಾಯುತ್ತದೆ. ಬಿಸಿ ನೂರು ದಾಟಿ ಅಂಗಾಂಶ ಸೀದರೆ, ಆ ಕರಕೇ ವಿದ್ಯುತ್ತಿಗೆ ಅಡ್ಡ ನಿಂತು ಶಾಖ ಮುಂದೆ ಹೋಗದಂತಾಗುತ್ತದೆ. ಸುಡದಂತೆ ನೋಡಿಕೊಳ್ಳುವುದೇ ವೈದ್ಯರ ಕಸುಬು! ಬೇಯುವುದು ಬೇರೆ, ಸೀಯುವುದು ಬೇರೆ ಎಂದು ಕನ್ನಡಕ್ಕೆ ಗೊತ್ತಿರುವಾಗ ಎರಡನ್ನೂ ‘ದಹನ’ಕ್ಕೆ ತಳ್ಳುವುದೇಕೆ? ಆ ಪದಕ್ಕೆ ಚಿತೆಯ ವಾಸನೆ ಬೇರೆ.

ಸುಶ್ರುತನ ‘ಅಗ್ನಿಕರ್ಮ’ವನ್ನೂ ಯೋಚಿಸಿದೆ. ಕೇಳಿದವರಿಗೆ ಬರೆ ಹಾಕುವುದು ನೆನಪಾಗುತ್ತದೆ, ಇಲ್ಲಿ ಚರ್ಮಕ್ಕೆ ಬಿಸಿ ತಾಗಲೇಬಾರದು.

ಆಸ್ಪತ್ರೆಯ ಆಡುಮಾತಿನ ‘ಕರೆಂಟ್ ಕೊಡುವುದು’ ಇನ್ನೂ ತೊಡಕು. ನಮ್ಮ ಜನಕ್ಕೆ ಅದು ಕ್ಯಾನ್ಸರಿನ ವಿಕಿರಣ ಚಿಕಿತ್ಸೆ. ‘ರೇಡಿಯೋ’ ಸೇರಿದರೆ ಹೆದರಿಕೆ ಇಮ್ಮಡಿ. ಇಲ್ಲಿ ಗಡ್ಡೆಯನ್ನು ಕೊಲ್ಲುವುದು ವಿಕಿರಣವಲ್ಲ ಎಂದು ಬಿಡಿಸಿ ಬರೆಯಲೇಬೇಕು.

ಸದ್ಯಕ್ಕೆ ನಾನು ಬರೆದಿಟ್ಟಿರುವುದು: ಹೆಸರಿಗೆ ‘ಸೂಜಿಶಾಖ ಚಿಕಿತ್ಸೆ’, ವಿವರಣೆಯಲ್ಲಿ ‘ಒಳಗೇ ಬೇಯಿಸಿ ನಾಶಮಾಡುವುದು’. ಎರಡು ಅನುಮಾನಗಳಿವೆ. ‘ಶಾಖ ಕೊಡುವುದು’ ಎಂದರೆ ಬಿಸಿನೀರಿನ ಬಟ್ಟೆ ಒತ್ತುವುದೆಂದು ಹಗುರವಾಗಿ ತಿಳಿದಾರೇ? ಮತ್ತೆ, ಹುಡುಗನ ತಾಯಿಗೆ ‘ಗಡ್ಡೆಯನ್ನು ಬೇಯಿಸುತ್ತೇವೆ’ ಎಂದರೆ ಹೇಗೆ ಕೇಳಿಸೀತು? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ಹೇಳಿದರೆ ಉಪಕಾರ. ಗಡ್ಡೆಯ ನಡುವಿನ ‘ನೈಡಸ್’ಗೆ ‘ಗೂಡು’ ಸಾಕೆಂದುಕೊಂಡಿದ್ದೇನೆ, ಬೇಡವೆನ್ನುವವರು ಕಾರಣ ಕೊಡಿ.